ಚಿಕ್ಕತಾಯಮ್ಮನ ಬಲಗೈ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಚಿಕ್ಕತಾಯಮ್ಮನ ಕೈ ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ನಾನೊಬ್ಬ. ಆ ಕೈ ಬಂದು ಸಿಕ್ಕಿದ್ದೂ ನನ್ನ ಕೈಗೇ. ಅವರ ಬಗ್ಗೆ ಬರೆಯಲು ಕೂತರೆ ನನ್ನ ಬಗ್ಗೆಯೂ ಬರೆಯಬೇಕಾಗುತ್ತದೆ, ಅದು ನನಗೆ ಇಷ್ಟವಿಲ್ಲದ ಕೆಲಸ. ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡಿದ್ದು ಸಾಕೆನಿಸಿ ಬರೆಯುತ್ತಿದ್ದೇನೆ.

ಚಿಕ್ಕತಾಯಮ್ಮನಿಗೆ ನಾಲ್ಕು ವರ್ಷವಿದ್ದಾಗ ಜ್ವರ ಬಂತು. ಮೂರು ದಿನ ಜ್ವರ ಕಾಯಿತು, ನಾಲ್ಕನೆಯ ದಿನ ಬಲಗೈ ಬಿದ್ದುಹೋಗಿತ್ತು. ಪೋಲಿಯೊ ಎಂಬ ಹೆಸರು ಆಗ ಆ ಬೀದಿಗೆ ಬಂದಿರಲಿಲ್ಲ. ಮಾರಿಯ ಮುನಿಸು ಎಂದರು, ಹರಕೆ ಹೊತ್ತರು, ಬೇವಿನೆಣ್ಣೆ ತಿಕ್ಕಿದರು. ವರ್ಷ ಕಳೆಯುವಷ್ಟರಲ್ಲಿ ಭುಜಕ್ಕೂ ಮಣಿಕಟ್ಟಿಗೂ ಬಲ ಮರಳಿತು, ಬೆರಳುಗಳಿಗೆ ಮರಳಲಿಲ್ಲ. ಅವು ಅಂಗೈಯ ಕಡೆಗೆ ಬಾಗಿ ಹಾಗೆಯೇ ಬಿಗಿದುಕೊಂಡವು. ದೊಡ್ಡವರಾದ ಮೇಲೆ ಒಂದೆರಡು ಕಡೆಯಿಂದ ಹೆಣ್ಣು ಕೇಳಿಕೊಂಡು ಬಂದರು, ಕೈ ನೋಡಿ ಕಾಫಿ ಕುಡಿದು ಹೋದರು. ತಂದೆ ತೀರಿಕೊಂಡ ಮೇಲೆ ಅಣ್ಣ ಹೊನ್ನಯ್ಯನ ಮನೆಯಲ್ಲಿ ಉಳಿದರು.

ಉಳಿದರು ಎಂದರೆ ಹಂಗಿನಲ್ಲಿ ಉಳಿದರು ಎಂದುಕೊಳ್ಳಬೇಡಿ. ಆ ಮನೆಯಲ್ಲಿ, ಆ ಬೀದಿಯಲ್ಲಿ, ಅವರಿಗೆ ಒಂದು ಜಾಗವಿತ್ತು. ರೇಷ್ಮೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತಾರೆ. ಒಂದು ಹಾಸಿನಲ್ಲಿ ನಾಲ್ಕು ಸಾವಿರಕ್ಕೂ ಮೇಲೆ ಎಳೆ. ಮಗ್ಗದ ಮೇಲಿನ ಹಾಸು ಮುಗಿದು ಹೊಸದು ಬಂದಾಗ ಹಳೆಯದರ ಒಂದೊಂದು ತುದಿಗೂ ಹೊಸದರ ಒಂದೊಂದು ತುದಿಯನ್ನು ಸೇರಿಸಿ ಹೊಸೆಯಬೇಕು. ಗಂಟು ಹಾಕುವಂತಿಲ್ಲ, ಹಾಕಿದರೆ ಮಗ್ಗದ ಹಣಿಗೆಯ ಹಲ್ಲಿಗೆ ಸಿಕ್ಕಿ ಎಳೆ ಕಡಿಯುತ್ತದೆ. ಎರಡು ತುದಿಯನ್ನೂ ಒಂದು ಕೈ ಅಲುಗಾಡದೆ ಹಿಡಿಯಬೇಕು, ಇನ್ನೊಂದು ಕೈ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಹೀಗೆ ನಾಲ್ಕು ಸಾವಿರ ಸಲ. ಎಂಥ ಗಟ್ಟಿ ಕೈಯವರಿಗೂ ಸಾವಿರ ದಾಟುವಷ್ಟರಲ್ಲಿ ಬೆರಳು ನಡುಗುತ್ತದೆ.

ಚಿಕ್ಕತಾಯಮ್ಮನ ಬಲಗೈ ನಡುಗುತ್ತಿರಲಿಲ್ಲ. ಅವರು ಮಣಿಕಟ್ಟನ್ನು ಮೇಲಕ್ಕೆ ಎತ್ತಿದರೆ ಸಾಕು, ಬಿಗಿದ ಬೆರಳುಗಳು ತಾವಾಗಿಯೇ ಮುಚ್ಚಿಕೊಂಡು ಹೆಬ್ಬೆರಳಿಗೆ ಒತ್ತಿಕೊಳ್ಳುತ್ತಿದ್ದವು; ಇಳಿಸಿದರೆ ಬಿಚ್ಚಿಕೊಳ್ಳುತ್ತಿದ್ದವು. ಚಿಮುಟದ ಹಾಗೆ. ಚಿಮುಟಕ್ಕೆ ದಣಿವುಂಟೆ? ಬೆಳಿಗ್ಗೆ ಮಗ್ಗದ ಮುಂದೆ ಕೂತರೆ ಮರುದಿನ ಸಂಜೆಗೆ ಹಾಸು ಕೂಡಿಸಿ ಏಳುತ್ತಿದ್ದರು, ಒಂದು ಎಳೆಯೂ ಬಿಡುತ್ತಿರಲಿಲ್ಲ. ಹೊಸ ಹಾಸು ಬಂದ ಮನೆಯವರು ಮೊದಲು ಅವರ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವರು ಯಾವ ದಿನ ಬರುತ್ತೇನೆ ಎಂದರೆ ಆ ದಿನದವರೆಗೂ ಮಗ್ಗ ಕಾಯುತ್ತಿತ್ತು.

ಆ ಕೈಯಿಂದ ಆಗದಿದ್ದದ್ದು ಒಂದೇ, ಊಟ. ಎಳೆ ಹಿಡಿಯುವ ಕೈ ಅನ್ನ ಕಲಸಲಾರದು. ಮನೆಯಲ್ಲಿ ಎಡಗೈಯಲ್ಲಿ ಉಣ್ಣುತ್ತಿದ್ದರು. ನಾಲ್ಕು ಜನರ ನಡುವೆ ಎಲೆಯ ಮುಂದೆ ಕೂತು ಎಡಗೈಯಲ್ಲಿ ಉಣ್ಣುವುದುಂಟೆ? ಯಾರೂ ಬೇಡ ಅಂದಿರಲಿಲ್ಲ, ಅವರೇ ಕೂರುತ್ತಿರಲಿಲ್ಲ. ಮದುವೆಯಿರಲಿ ತಿಥಿಯಿರಲಿ, ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಒಂದಿಷ್ಟು ತಿಂದು ಏಳುತ್ತಿದ್ದರು. ಮೂವತ್ತು ವರ್ಷದ ಹೆಂಗಸು ಒಮ್ಮೆಯೂ ಪಂಕ್ತಿಯಲ್ಲಿ ಕೂತಿರಲಿಲ್ಲ.

ಇಷ್ಟು ನನಗೆ ಈಗ ಗೊತ್ತು. ೧೯೬೬ರ ಜೂನ್ ತಿಂಗಳಲ್ಲಿ ಬಸ್ಸಿನಿಂದ ಇಳಿದಾಗ ಗೊತ್ತಿದ್ದದ್ದು ಬೇರೆ. ಮೈಯಲ್ಲಿರುವ ಸ್ನಾಯುಗಳ ಹೆಸರೆಲ್ಲ ಬಾಯಿಪಾಠವಾಗಿತ್ತು. ನಾನು ಯಳಂದೂರಿನ ಶಾಲಾಮೇಷ್ಟರ ಮಗ, ಷಡಕ್ಷರಿ. ಬೊಂಬಾಯಿಯಲ್ಲಿ ಫಿಸಿಯೋಥೆರಪಿ ಓದುತ್ತಿದ್ದೆ. ಕೊನೆಯ ವರ್ಷ ಮೂರು ತಿಂಗಳು ಯಾವುದಾದರೂ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಕೆಲಸ ಮಾಡಬೇಕು, ಒಂದು ಕೇಸಿನ ಬಗ್ಗೆ ಪೂರ್ತಿ ವರದಿ ಬರೆಯಬೇಕು. ಕೊಳ್ಳೇಗಾಲದಲ್ಲಿ ವೃಷಭೇಂದ್ರಪ್ಪ ಎಂಬ ರೇಷ್ಮೆ ವ್ಯಾಪಾರಿ ಪೋಲಿಯೊ ಮಕ್ಕಳಿಗೆಂದು ಒಂದು ಸಣ್ಣ ಧರ್ಮಾಸ್ಪತ್ರೆ ಕಟ್ಟಿಸಿದ್ದರು. ಅಲ್ಲಿಗೆ ಹದಿನೈದು ದಿನಕ್ಕೊಮ್ಮೆ ಮೈಸೂರಿನಿಂದ ಬರುತ್ತಿದ್ದ ಡಾಕ್ಟರ್ ಶಿವರುದ್ರಸ್ವಾಮಿಯವರು ಕನ್ನಡ ಬಲ್ಲ ವಿದ್ಯಾರ್ಥಿ ಬೇಕೆಂದು ನಮ್ಮ ಪ್ರಿನ್ಸಿಪಾಲರಿಗೆ ಬರೆದಿದ್ದರು. ಇಡೀ ತರಗತಿಯಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ. ಊರಿನ ಪಕ್ಕಕ್ಕೇ ಬಿಳಿ ಕೋಟು ಹಾಕಿಕೊಂಡು ಹೋಗುವುದೆಂದರೆ ಕೇಳಬೇಕೆ, ಕೋಟಿಗೆ ಎರಡು ಸಲ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿದ್ದೆ.

ಆ ಇಸ್ತ್ರಿ ಒಂದು ವಾರವೂ ಉಳಿಯಲಿಲ್ಲ. ಹನೂರು, ಬಂಡಳ್ಳಿ, ಮಧುವನಹಳ್ಳಿ ಕಡೆಯಿಂದ ತಾಯಂದಿರು ಮಕ್ಕಳನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದರು. ನಾನು ಕಾಲು ಹಿಡಿದ ಕೂಡಲೇ ಮಕ್ಕಳು ಕಿರುಚುತ್ತಿದ್ದವು. ತಾಯಂದಿರು ನನಗೆ ಇಟ್ಟ ಹೆಸರು ತಿಕ್ಕೋ ಡಾಕ್ಟ್ರು. ಗುಳಿಗೆ ಇಲ್ಲ, ಸೂಜಿ ಇಲ್ಲ, ಬರೀ ತಿಕ್ಕುವವನೂ ಒಬ್ಬ ಡಾಕ್ಟರೇ ಎಂದು ಅವರ ಅನುಮಾನ. ಎಂಟು ದಿನಕ್ಕೆ ಗುಣವಾಗದಿದ್ದರೆ ಬರುವುದನ್ನು ನಿಲ್ಲಿಸುತ್ತಿದ್ದರು. ನನ್ನ ಬೆರಳುಗಳು ಊದಿಕೊಂಡವು, ಪುಸ್ತಕದಲ್ಲಿದ್ದ ಒಂದೂ ಅಲ್ಲಿ ಇದ್ದ ಹಾಗೆ ಇರಲಿಲ್ಲ, ಮೂರನೆಯ ವಾರ ಬಾತ್‌ರೂಮಿನಲ್ಲಿ ನಿಂತು ಅತ್ತುಬಿಟ್ಟೆ. ಆಸ್ಪತ್ರೆಯ ಆಳು, ಮಾರ್ಟಳ್ಳಿಯ ಮುತ್ತಯ್ಯ, ಹೊರಗಿನಿಂದ ಬಾಗಿಲು ಬಡಿದು, "ಸಾ, ಅಳೋದಾದ್ರೆ ಬಿಸ್ನೀರು ಬುಟ್ಕಂಡು ಅಳಿ, ಸದ್ದು ಕೇಳಕಿಲ್ಲ" ಎಂದ.

ನನಗೆ ಬೇಕಿದ್ದದ್ದು ಒಂದು ಕೇಸು. ಫಲ ಕಣ್ಣಿಗೆ ಕಾಣುವಂಥದ್ದು, ಅಳತೆಗೆ ಸಿಗುವಂಥದ್ದು, ಮೊದಲು ಹೀಗಿತ್ತು ಆಮೇಲೆ ಹೀಗಾಯಿತು ಎಂದು ಫೋಟೋ ಹಚ್ಚಬಹುದಾದಂಥದ್ದು. ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ತಮ್ಮ ತಾಯಿಯ ಹಿಡಿದುಕೊಂಡ ಭುಜ ತೋರಿಸಲು ಬಂದರು. ತಾಯಿಯ ಭುಜ ಒತ್ತುತ್ತಲೇ ನನ್ನ ಕಣ್ಣು ಮಗಳ ಸೆರಗಿನ ಕೆಳಗಿನ ಕೈಯ ಮೇಲೆ ಹೋಯಿತು.

"ಎಷ್ಟು ವರ್ಷದಿಂದ ಹೀಗಿದೆ?" ಎಂದೆ.

"ಅದ್ಯಾಕೆ ಬುಡಿ ಸಾ. ಅದು ಅದ್ರ ಪಾಡ್ಗೆ ಅದ" ಎಂದು ಸೆರಗು ಎಳೆದುಕೊಂಡರು.

ನಾನು ಬಿಡಲಿಲ್ಲ. ಕೈ ತೆಗೆದುಕೊಂಡು ಬೆರಳುಗಳನ್ನು ಮೆಲ್ಲಗೆ ಎಳೆದು ನೋಡಿದೆ. ಕೀಲು ಕಟ್ಟಿರಲಿಲ್ಲ, ಸ್ನಾಯು ಮಾತ್ರ ಕುಗ್ಗಿತ್ತು. ಬಿಸಿ ಮೇಣದಲ್ಲಿ ಅದ್ದಿ, ದಿನವೂ ಎಳೆದು, ಹಲಗೆಗೆ ಕಟ್ಟಿದರೆ ನೆಟ್ಟಗಾಗುತ್ತದೆ. ನನ್ನ ಕೇಸು ಸಿಕ್ಕಿತ್ತು.

"ನೆಟ್ಟಗೆ ಮಾಡಿಕೊಡ್ತೀನಿ. ಆರು ವಾರ ಸಾಕು" ಎಂದೆ.

ಅವರು ಎಡಗೈಯಿಂದ ಆ ಬೆರಳುಗಳನ್ನು ಮುಟ್ಟಿ ನೋಡಿಕೊಂಡರು. "ಉಣ್ಬೋದಾ ಸಾ? ಬಲಗೈನಾಗೆ?" ಎಂದು ಕೇಳಿದರು. ಆಮೇಲೆ, "ಎಳೆ ಹಿಡೀಬೋದಲ್ವ? ಅದು ತಪ್ಪಕಿಲ್ವಲ್ಲ?"

ನಾನು ನಕ್ಕೆ. ಬಾಗಿದ ಕೈಯಲ್ಲೇ ಹಿಡಿಯುವವರು ನೆಟ್ಟಗಿನ ಕೈಯಲ್ಲಿ ಹಿಡಿಯಲಾರರೇ? "ಇನ್ನೂ ಚೆನ್ನಾಗಿ ಹಿಡೀತೀರಿ" ಎಂದೆ. ಕೇಸ್ ಶೀಟಿನಲ್ಲಿ ಹೆಸರು, ವಯಸ್ಸು, ಊರು ಬರೆದು, ಕಸುಬು ಎಂಬ ಕಡೆ ಮನೆಗೆಲಸ ಎಂದು ತುಂಬಿದೆ. ಹೆಂಗಸರಿಗೆಲ್ಲ ಹಾಗೆಯೇ ತುಂಬುತ್ತಿದ್ದೆವು.

ಚಿಕಿತ್ಸೆ ಶುರುವಾದ ಎರಡನೆಯ ವಾರ ಮುತ್ತಯ್ಯ ಮೇಣ ಕಾಯಿಸುತ್ತ, "ವೇಂಡಾ ಸಾ, ಆ ಕೈ ತಂಟೆ ವೇಂಡಾ" ಎಂದ. ತಮಿಳು ಗಡಿಯ ಮಾರ್ಟಳ್ಳಿಯವನು; ಏನಾದರೂ ಬೇಡ ಅನ್ನಬೇಕಾದಾಗ ತಮಿಳು ಬರುತ್ತಿತ್ತು. "ಮೂರು ಬೀದಿ ಆಚೆಗೆ ಆಯಮ್ಮ ಕೆಲ್ಸ ಮಾಡೋದು. ಒಂದ್ಸಲ ಓಗಿ ನೋಡ್ಬುಟ್ಟು ಬನ್ನಿ, ಆಮೇಲೆ ಎಳೀರಂತೆ."

"ಮೇಣ ಕಾಯಿಸೋದು ನಿನ್ನ ಕೆಲಸ, ಕೈ ನೋಡೋದು ನನ್ನ ಕೆಲಸ" ಎಂದೆ. ಇಪ್ಪತ್ತೆರಡು ವರ್ಷದವನು ಐವತ್ತರವನಿಗೆ ಹೇಳಿದ ಮಾತು. ಮುತ್ತಯ್ಯ ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಡಾಕ್ಟರ್ ಶಿವರುದ್ರಸ್ವಾಮಿಯವರು ಇದ್ದಿದ್ದರೆ ತಡೆಯುತ್ತಿದ್ದರೋ ಏನೋ. ಅವರು ಕಾಮಾಲೆಯಾಗಿ ಮೈಸೂರಿನಲ್ಲಿ ಮಲಗಿದ್ದರು, ಆರು ವಾರ ಬರಲಿಲ್ಲ. ನನಗೆ ಅದು ಬೇಜಾರಿನ ಸಂಗತಿಯೇನೂ ಆಗಿರಲಿಲ್ಲ. ಬರುವಷ್ಟರಲ್ಲಿ ಕೈ ನೆಟ್ಟಗೆ ಮಾಡಿ ತೋರಿಸಬೇಕೆಂಬ ಹಟವಿತ್ತು.

ಚಿಕ್ಕತಾಯಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಕರೆಯಲು ಬಂದ ನಾಲ್ಕು ಮನೆಯವರಿಗೆ ಈ ತಿಂಗಳು ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದರಂತೆ. ಬೆರಳು ಎಳೆಯುವಾಗ ನೋವಿಗೆ ತುಟಿ ಕಚ್ಚಿ ಕಿಟಕಿಯ ಕಡೆ ನೋಡುತ್ತಿದ್ದರು. ಬೆರಳು ಎಷ್ಟು ನೆಟ್ಟಗಾಯಿತೆಂದು ನಾನು ದಿನವೂ ಕೋನ ಅಳೆದು ಬರೆಯುತ್ತಿದ್ದೆ. ಆರನೆಯ ವಾರದ ಶನಿವಾರ ಹಲಗೆ ಬಿಚ್ಚಿದಾಗ ಕೈ ಮೇಜಿನ ಮೇಲೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಕೂತಿತು. ಅವರು ನಕ್ಕುಬಿಟ್ಟರು. ನಗುತ್ತಲೇ ಎಡಗೈ ತಂದು ಅದಕ್ಕೆ ಜೋಡಿಸಿ, ಗೋಡೆಯ ಮೇಲಿದ್ದ ದೇವರ ಪಟಕ್ಕೆ ಕೈ ಮುಗಿದರು. ಎರಡು ಅಂಗೈಯ ನಡುವೆ ಸಂದೇ ಇರಲಿಲ್ಲ. ನಾಲ್ಕನೆಯ ವರ್ಷದಿಂದ ಅವರು ಹಾಗೆ ಕೈ ಮುಗಿದಿರಲಿಲ್ಲವಂತೆ. ನನಗೆ ಆ ದಿನ ಆದಷ್ಟು ಸಂತೋಷ ಮದುವೆಯ ದಿನವೂ ಆಗಲಿಲ್ಲ. ಫೋಟೋ ತೆಗೆಸಿದೆ.

ಮರುವಾರ ಹೊನ್ನಯ್ಯನ ಮನೆಯಲ್ಲಿ ಮಗುವಿನ ನಾಮಕರಣ. ನನ್ನನ್ನೂ ಕರೆದಿದ್ದರು. ಹಜಾರದಲ್ಲಿ ಎದುರುಬದುರು ಎರಡು ಸಾಲು ಎಲೆ ಹಾಕಿದ್ದರು. ಚಿಕ್ಕತಾಯಮ್ಮ ಹಸಿರು ಸೀರೆಯುಟ್ಟು ಬಂದು ಹೆಂಗಸರ ಸಾಲಿನಲ್ಲಿ, ನನ್ನೆದುರಿಗೇ, ಕೂತರು. ಅಲ್ಲಿಯವರೆಗೂ ನಾನು ಹೇಳಿದ ಹಾಗೆ ಹಲಗೆ ಕಟ್ಟಿಕೊಂಡೇ ಇದ್ದರು, ಬಲಗೈಗೆ ಅದು ಮೊದಲ ತುತ್ತು. ಅಡುಗೆಮನೆಯಿಂದ ಅವರ ತಾಯಿ ಬಾಗಿಲಿಗೆ ಬಂದು ನಿಂತಿದ್ದರು. ಬಡಿಸುವವರು ಒಂದೆರಡು ತುತ್ತು ಅನ್ನ ಜಾಸ್ತಿಯೇ ಹಾಕಿದರು. ಎಲ್ಲರೂ ನೋಡದ ಹಾಗೆ ನೋಡುತ್ತಿದ್ದರು.

ಅವರು ಬಲಗೈಯನ್ನು ಅನ್ನದ ಮೇಲೆ ಇಟ್ಟರು. ಬೆರಳು ಬಾಗಲಿಲ್ಲ. ಮಣಿಕಟ್ಟು ಎತ್ತಿದರು, ಆಗಲೂ ಬಾಗಲಿಲ್ಲ. ಅಂಗೈಯಲ್ಲಿ ಅನ್ನವನ್ನು ತಳ್ಳಿ ಎಲೆಯ ಅಂಚಿಗೆ ತಂದು ಎತ್ತಲು ನೋಡಿದರು, ಬೆರಳುಗಳ ನಡುವಿನಿಂದ ಸಾರು ಮೊಣಕೈಗೆ ಇಳಿಯಿತು, ಅನ್ನ ಸೀರೆಯ ಮೇಲೆ ಬಿತ್ತು. ಮತ್ತೊಮ್ಮೆ ನೋಡಿದರು. ಮೂರನೆಯ ಸಲ ನೋಡಲಿಲ್ಲ. ಪಂಕ್ತಿ ಏಳುವ ತನಕ ಏಳಬಾರದಲ್ಲ, ಅಷ್ಟು ಹೊತ್ತೂ ಎಲೆಯ ಮುಂದೆ ತಲೆ ತಗ್ಗಿಸಿ ಕೂತೇ ಇದ್ದರು. ಆಗ ನಾನೇನು ಅಂದುಕೊಂಡೆ ಗೊತ್ತೇ? ಅಭ್ಯಾಸ ಸಾಲದು, ಇನ್ನೊಂದು ವಾರ ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆ ಎಂದುಕೊಂಡೆ.

ಎರಡು ದಿನದ ಮೇಲೆ ಹೊನ್ನಯ್ಯ ಆಸ್ಪತ್ರೆಗೆ ತಂಗಿಯನ್ನು ಕರೆದುಕೊಂಡು ಬಂದ. ಅವತ್ತು ಬುಧವಾರ, ಗುಣವಾಗಿ ಬಂದಿದ್ದ ಶಿವರುದ್ರಸ್ವಾಮಿಯವರು ಮೇಜಿನ ಮುಂದಿದ್ದರು. ಹೊನ್ನಯ್ಯ ನಿಂತಲ್ಲಿಂದಲೇ, "ಬೆಳಿಗ್ಗೆಯಿಂದ ಹಾಸಿನ ಮುಂದೆ ಕುಂತಿದ್ಲು ಸಾ. ಒಂದೆಳೆ, ಒಂದೇ ಒಂದೆಳೆ ಹಿಡಿಯಕಾಗ್ನಿಲ್ಲ. ನಮ್ ಹುಡ್ಗಿ ಕೈ ಏನ್ ಮಾಡ್ಬುಟ್ರಿ?" ಎಂದ.

ಡಾಕ್ಟರು ನನ್ನ ಕೇಸ್ ಶೀಟು ಕೇಳಿದರು. ಕೋನಗಳನ್ನು, ಫೋಟೋಗಳನ್ನು ನೋಡಿದರು. "ಇವರ ಕಸುಬೇನು?" ಎಂದರು. "ಮನೆಗೆಲಸ ಸಾರ್" ಎಂದೆ. ಅವರು ನನ್ನನ್ನು ಬಿಟ್ಟು ಚಿಕ್ಕತಾಯಮ್ಮನನ್ನು ಕೇಳಿದರು. ಚಿಕ್ಕತಾಯಮ್ಮ ಹೇಳಿದರು, ಎಡಗೈಯಲ್ಲಿ ಮಾಡಿ ತೋರಿಸಿದರು. ಡಾಕ್ಟರು ಅವರ ಮಣಿಕಟ್ಟನ್ನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಬೆರಳುಗಳು ಹಾಗೆಯೇ ಇದ್ದವು.

ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಬೆರಳಲ್ಲಿ ಬಲ ಇಲ್ಲ ಅಂತ ನೀವೇ ಬರೆದಿದ್ದೀರಿ. ಬಲ ಇಲ್ಲದ ಬೆರಳು ಹಿಡೀತಿದ್ದದ್ದು ಯಾತರಿಂದ? ಆ ಬಿಗಿಯಿಂದ. ಅದೊಂದಿತ್ತು ಆಕೆಗೆ, ಅದನ್ನ ಆರು ವಾರ ಕಷ್ಟಪಟ್ಟು ತೆಗೆದುಬಿಟ್ರಿ" ಎಂದರು. ಆಮೇಲೆ, "ಬೆರಳು ಮಡಿಸಿ ಕಟ್ಟಿಡಿ. ಬಿಗಿ ಮತ್ತೆ ಬರಬಹುದು. ಬರದೆಯೂ ಇರಬಹುದು. ಎರಡನ್ನೂ ಆಕೆಗೆ ಹೇಳಿ" ಎಂದರು.

ನಾನು ಒಂದನ್ನು ಮಾತ್ರ ಹೇಳಿದೆ. ಚಿಕ್ಕತಾಯಮ್ಮ ಜಗಲಿಯ ಮೇಲೆ ಕೂತಿದ್ದರು. "ತಿರ್ಗಾ ಬಗ್ಗಿಸ್ಕೊಡಿ ಸಾ. ನಂಗೆ ಪಂಕ್ತೀನೂ ಬ್ಯಾಡ ಏನೂ ಬ್ಯಾಡ" ಎಂದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಬೆರಳುಗಳನ್ನು ಮಡಿಸಿ ಬಟ್ಟೆಯ ಪಟ್ಟಿ ಸುತ್ತಿದೆ. ದಿನವೂ ಹೀಗೆ ಕಟ್ಟಿಕೊಳ್ಳಿ, ಬಿಗಿ ಬರುತ್ತದೆ, ನಾನು ಬಂದು ನೋಡುತ್ತೇನೆ, ನಾನು ಹೇಳುವ ತನಕ ಬಿಡಬೇಡಿ ಎಂದೆ. ಅವರು ಹೂಂ ಎಂದರು.

ಹನ್ನೆರಡು ದಿನ ಕಟ್ಟಿದೆ. ನನ್ನ ಮೂರು ತಿಂಗಳು ಮುಗಿಯಿತು, ಹೊರಡುವ ದಿನವೂ ಅದೇ ಮಾತು ಹೇಳಿದೆ. ಬೊಂಬಾಯಿಗೆ ಹೋಗಿ ವರದಿ ಒಪ್ಪಿಸಿದೆ. ಪರೀಕ್ಷಕರು ಎರಡು ಫೋಟೋಗಳನ್ನು ಅಕ್ಕಪಕ್ಕ ಹಿಡಿದು ನೋಡಿ, ವಿದ್ಯಾರ್ಥಿಯೊಬ್ಬ ಇಷ್ಟು ಕೋನ ಗಳಿಸಿದ್ದು ಅಪರೂಪ ಎಂದರು. ಎರಡನೆಯ ಫೋಟೋದ ಆಮೇಲೆ ಆದದ್ದನ್ನು ನಾನು ವರದಿಯಲ್ಲಿ ಬರೆದಿರಲಿಲ್ಲ. ಆ ವರ್ಷ ಆ ವಿಭಾಗದಲ್ಲಿ ಮೊದಲನೆಯವನಾದೆ. ಸರ್ಟಿಫಿಕೇಟು ಈಗಲೂ ಟ್ರಂಕಿನಲ್ಲಿದೆ, ಗೋಡೆಗೆ ಹಾಕಿಲ್ಲ.

ಮರುವರ್ಷ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ೧೯೭೪ರಲ್ಲಿ ಒಂದು ದಿನ ನಾನಿದ್ದ ಆಸ್ಪತ್ರೆಗೆ ಮುತ್ತಯ್ಯ ಬಂದ. ಸೊಂಟ ಹಿಡಿದಿತ್ತು. ಅವನ ಸೊಂಟಕ್ಕೆ ಶಾಖ ಕೊಡುತ್ತ ಅದೂ ಇದೂ ಮಾತಾಡಿದೆ, ಕೇಳಬೇಕಾದ್ದನ್ನು ಕೇಳಲಿಲ್ಲ. ಅವನೇ ಹೇಳಿದ. "ಆಯಮ್ಮ ಇನ್ನೂ ಕಟ್ಕತಾವ್ರೆ ಸಾ."

"ಏನು?"

"ಕೈ ಬೆಳ್ಳು. ನೀವು ಯೋಳಿದ್ರಂತಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಹೋದೆ. ನೇಕಾರರ ಬೀದಿಯಲ್ಲಿ ಮಗ್ಗಗಳು ಸದ್ದು ಮಾಡುತ್ತಿದ್ದವು. ಹಾಸು ಕೂಡಿಸಲು ಈಗ ಬೇರೆ ಊರಿನಿಂದ ಇಬ್ಬರು ಬರುತ್ತಾರೆಂದು ಹೊನ್ನಯ್ಯ ಹೇಳಿದ. ಅವನು ನನ್ನ ಮೇಲೆ ಕೂಗಾಡಲಿಲ್ಲ, ಕೂರು ಎಂದೂ ಹೇಳಲಿಲ್ಲ. ಚಿಕ್ಕತಾಯಮ್ಮ ಒಳಗೆ ರಾಟೆಯ ಮುಂದೆ ಕೂತಿದ್ದರು. ಕದಿರಿಗೆ ನೂಲು ಸುತ್ತುವುದು ಆ ಬೀದಿಯಲ್ಲಿ ಕಣ್ಣು ಮಂಜಾದ ಮುದುಕಿಯರ ಕೆಲಸ. ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ. ಬಲಗೈಯನ್ನು ಮುಷ್ಟಿ ಮಡಿಸಿ, ಮಗ್ಗದಲ್ಲಿ ಉಳಿದ ಕಸರು ರೇಷ್ಮೆಯ ದಾರವನ್ನು ಸುತ್ತಿ ಸುತ್ತಿ ಕಟ್ಟಿದ್ದರು. ಬಣ್ಣಬಣ್ಣದ ತುಂಡು ದಾರಗಳು, ಎಡಗೈಯಲ್ಲಿ ತೊಡೆಯ ಮೇಲೆ ಒಂದಕ್ಕೊಂದು ಹೊಸೆದದ್ದು.

ನನ್ನ ಗುರುತು ಹಿಡಿದರು. "ಬಂದ್ರಾ ಸಾ" ಎಂದರು, ನಾನು ಹೋಗಿ ಒಂದು ವಾರವಾಗಿದ್ದ ಹಾಗೆ. ರಾಟೆ ನಿಲ್ಲಿಸಿ, ದಾರದ ತುದಿ ಹುಡುಕಿ ಬಿಚ್ಚತೊಡಗಿದರು. ಬಿಚ್ಚುವುದಕ್ಕೆ ಬಹಳ ಹೊತ್ತು ಹಿಡಿಯಿತು. ಕೊನೆಯ ಸುತ್ತು ಬಿಟ್ಟ ಮೇಲೆ ಕೈಯನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ನಿಧಾನವಾಗಿ ತೆರೆದುಕೊಂಡು ನೆಟ್ಟಗಾದವು. ಎಂಟು ವರ್ಷ ಕಟ್ಟಿದ್ದರ ಗುರುತು ಚರ್ಮದ ಮೇಲೆ ಬಿದ್ದಿತ್ತು. ಮಣಿಕಟ್ಟು ಎತ್ತಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದಂಗುಲ ಜಾಗ ಉಳಿಯಿತು. ಎಳೆ ಹಿಡಿಯಲು ಅಲ್ಲಿ ಕೂದಲೆಳೆಯಷ್ಟೂ ಜಾಗ ಇರಬಾರದು.

"ವಸಿ ಬಿಗಿ ಬಂದದ ಅಲ್ವ ಸಾ? ನೀವು ಬಂದು ನೋಡೋಗಂಟ ಬುಡ್ಬ್ಯಾಡ ಅಂದಿದ್ರಿ. ಒಂದಿನಾನೂ ಬುಟ್ಟಿಲ್ಲ" ಎಂದರು. "ಇನ್ನೆಷ್ಟ್ ದಿನ ಕಟ್ಬೇಕು?"

ನನ್ನ ಅನುಭವದಲ್ಲಿ ಅಂಥ ಪ್ರಶ್ನೆಗೆ ಹತ್ತು ಬಗೆಯ ಉತ್ತರಗಳಿವೆ. ದಿನವೂ ರೋಗಿಗಳಿಗೆ ಕೊಡುತ್ತಿರುತ್ತೇನೆ. ಅವತ್ತು ಒಂದನ್ನೂ ಕೊಡಲಿಲ್ಲ. "ಸಾಕು ತಾಯಮ್ಮ. ಇನ್ನು ಕಟ್ಟಬೇಡಿ. ಬಿಗಿ ಬರೋದಿಲ್ಲ. ಬರದೆ ಇರಬಹುದು ಅಂತ ಡಾಕ್ಟರು ಆಗಲೇ ಹೇಳಿದ್ದರು. ನಾನು ನಿಮಗೆ ಹೇಳಲಿಲ್ಲ" ಎಂದೆ. ತಪ್ಪಾಯಿತು ಎಂದೂ ಹೇಳಿದೆ.

ಅವರು ಅಳಲಿಲ್ಲ. ಬಿಚ್ಚಿದ ದಾರವನ್ನು ಮಡಿಲಿನಿಂದ ಎತ್ತಿಕೊಂಡು ಎಡಗೈಗೆ ಸುತ್ತಿಕೊಳ್ಳುತ್ತ ಹೋದರು. ಪೂರ್ತಿ ಸುತ್ತಿ ಪಕ್ಕಕ್ಕಿಟ್ಟ ಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

"ಮದ್ಲೇ ಬಂದು ಯೋಳ್ಬೋದಿತ್ತಲ್ವ ಸಾ" ಎಂದರು.

ಆ ಎಂಟು ವರ್ಷದಲ್ಲಿ ನಾನು ಹೆಚ್ಚುಕಡಿಮೆ ಎಲ್ಲ ಹಬ್ಬಕ್ಕೂ ಯಳಂದೂರಿಗೆ ಬಂದಿದ್ದೆ. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹತ್ತು ಮೈಲಿ.